ಹರಿಹರದ ಸೇತುವೆ, ಕೆಳಗಿನಿಂದ

ಒಂಬತ್ತು ಜನ, ಗಾಳಿ ತುಂಬಿದ ಒಂಬತ್ತು ಹಲಗೆ.
ಕಿತ್ತಳೆ ಜಾಕೆಟ್ಟಿನಲ್ಲಿ ಉಬ್ಬಿದ ನಾವು
ಜೀವವಿಮೆ ಕಚೇರಿಯ ಎರಡನೇ ಮಹಡಿಯವರು.
"ಕಾಲು ನೋಡ್ಬೇಡ್ರಿ, ದೂರ ನೋಡ್ರಿ" ಅಂತಾನೆ
ಕಲಿಸುವ ಹುಡುಗ ತಿಪ್ಪೇಶಿ.
ದೂರದಲ್ಲಿ ಇರುವುದು ಕಾರ್ಖಾನೆಯ ಹೊಗೆ.
ಅದನ್ನೇ ನೋಡುತ್ತಾ ಎದ್ದು ನಿಂತೆ,
ಐವತ್ಮೂರರ ಮೊಣಕಾಲು ಲಟಕ್ಕೆಂದಿತು.

ಮೆಹರುನ್ನೀಸಾ ಮೇಡಂ ಆಗಲೇ ಮುಂದೆ,
ಕಸಬರಿಗೆಯಂತೆ ಹುಟ್ಟು ಹಿಡಿದು
ತುಂಗಭದ್ರೆಯ ಅಂಗಳ ಗುಡಿಸುತ್ತಾ.
ಕ್ಯಾಷಿಯರ್ ಮೌನೇಶಾಚಾರ್ ಮಾತ್ರ ಕೂತೇ ಇದ್ದಾರೆ,
ಹಸೆಮಣೆ ಏರಿದ ಮದುಮಗನ ಹಾಗೆ.
ಬಂಡೆಯ ಮೇಲೆ ಬಟ್ಟೆ ಒಗೆಯುವಾಕೆ ಕೈ ತಡೆದು
"ನಿಂತ್ಕಂಡು ಎಲ್ಲಿಗ್ರಿ?" ಅಂದಳು.
ಯಾರಿಗೂ ಉತ್ತರ ಹೊಳೆಯಲಿಲ್ಲ.

ಸೇತುವೆ ಬಂತು.
ಮೂವತ್ತು ವರ್ಷ ಬಸ್ಸಿನ ಕಿಟಕಿಯಿಂದ ದಾಟಿದ್ದೇನೆ,
ಪ್ರತಿಸಲ ಒಂದು ನಾಣ್ಯ ಎಸೆದು, ಕಣ್ಣು ಮುಚ್ಚಿ.
ಇದರ ಹೊಟ್ಟೆ ಮಾತ್ರ ಕಂಡಿರಲಿಲ್ಲ:
ಪಾಚಿ, ಬಾವಲಿ, ಕಲ್ಲಿನ ಬೆವರು,
ಲಾರಿ ಹೋದಾಗೆಲ್ಲ ಒಂದು ಗುಡುಗು.

ಟಪ್ಪೆಂದು
ಮೇಲಿಂದ ಒಂದು ರೂಪಾಯಿ
ನನ್ನ ಹಲಗೆಗೆ ಬಿತ್ತು,
ಕಾಲ್ಬೆರಳ ಪಕ್ಕ, ಒದ್ದೆಯಾಗದೆ.

ಯಾರದೋ ಹರಕೆ. ಪರೀಕ್ಷೆಯೋ, ಆಪರೇಷನ್ನೋ,
ಬರೀ ಅಭ್ಯಾಸವೋ.
ಇಟ್ಟುಕೊಂಡರೆ ಕಳವು.
ಹೊಳೆಯದು ಹೊಳೆಗೆ ಅಂತ ಬಗ್ಗಿದೆ.
"ಕಾಲು ನೋಡ್ಬೇಡ್ರಿ ಮೇಡಮ್ಮೋ..."

ನಾಣ್ಯವೂ ನಾನೂ ಕೂಡಿಯೇ ಹೋದೆವು ಒಳಗೆ.
ತೇಲಿ ಬಂದವಳು ನಾನೊಬ್ಬಳು,
ಮೂಗಿನ ತುಂಬ ನೀರು.
ಆ ಬಸ್ಸು ಇಷ್ಟೊತ್ತಿಗೆ ರಾಣೆಬೆನ್ನೂರ ದಾರಿಯಲ್ಲಿ.
ಒಳಗೆ ಕೂತವರೇ,
ಮುಟ್ಟಿಸಿದ್ದೇನೆ.
ರಸೀದಿ ಇಲ್ಲ.