ದೀಪ ಆರಿಸುವುದು

ಹೆಸರಿನಲ್ಲೇ ಮೂರು ದೀಪ ಇಟ್ಟುಕೊಂಡ
ತೀನ್ ಕಂದೀಲಿಗೆ ನಾಲ್ಕನೆಯದು ಕೊಳ್ಳಲು ಹೋಗಿದ್ದೆ,
ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವಂಥದು, ಅಂಗೈಯಷ್ಟು.
ಗೌಸ್‌ಪೀರನ ಅಂಗಡಿ. ಹೊರಗೆ ನಲವತ್ಮೂರು ಡಿಗ್ರಿ,
ಒಳಗೆ ಅವನು ಇನ್ನಷ್ಟು ಬೆಳಕು ಮಾರುತ್ತಿದ್ದ.

"ಇದು ನೋಡ್ರಿ, ಮಂಟಪನೇ ಹಗಲಾಗ್ತದ.
ಇದು ಹತ್ತು ಬಣ್ಣ ಬದಲಿಸ್ತದ, ಡಿಜೆಗೆ ಛಲೋ.
ಇದು ಅಗ್ಗ, ಆದ್ರ ಮುಖ ಹಸಿರು ಹೊಡೀತದ,
ನಿಮಗ ಕೊಡಂಗಿಲ್ಲ."

ನಾನು ಕೇಳಿದ್ದು ಒಂದೇ: ಎಷ್ಟು ಸಣ್ಣಗಾಗ್ತದ?
ಮೂವತ್ತು ವರ್ಷದಲ್ಲಿ
ಯಾರೂ ಕೇಳಿಲ್ಲವಂತೆ.

ಹದಿನಾಲ್ಕರ ವಯಸ್ಸಿಗೆ ನಾನು ಹ್ಯಾಲೊಜನ್ ಹಿಡಿಯುವ ಹುಡುಗ.
ಸಾವಿರ ವ್ಯಾಟು, ಹೆಗಲಿಗೆ ವೈರಿನ ಸುರುಳಿ,
ಮೊಣಕೈ ಮೇಲೆ ಇವತ್ತಿಗೂ ರೊಟ್ಟಿ ಸೀದಂಥ ಕಲೆ.
ಮದುಮಗಳ ಅರಿಷಿಣ ಬೆವರಾಗಿ ಇಳಿಯುತ್ತಿತ್ತು.
ಆಗಿನ ಕ್ಯಾಸೆಟ್ಟುಗಳಲ್ಲಿ ಮಾನ್ವಿಯ, ಸಿರವಾರದ
ಅಷ್ಟೂ ಅಜ್ಜಿಯರು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ,
ದೂರದಿಂದ ಯಾರೋ ಬರುತ್ತಿರುವಂತೆ.
ಬರುತ್ತಿದ್ದವನು ನಾನು.

ಹಾಗಾಗಿ ಒಂದೊಂದನ್ನೂ ನನ್ನ ಮುಖಕ್ಕೇ ಹಿಡಿಸಿಕೊಂಡೆ,
ಎರಡೆರಡು ನಿಮಿಷ. ಕಣ್ಣೀರು ತರಿಸಿದ್ದು ವಾಪಸು.
ಗೌಸ್‌ಪೀರ ನಕ್ಕ: "ದೀಪ ಆರಿಸ್ಲಿಕ್ಕ ಬಂದೀರಿ ಖರೆ,
ಯಾವ ಆರಿಸೋದ್ರೀ ಇದು?"

ಬತ್ತಿಯಷ್ಟಕ್ಕೆ ಇಳಿಯುವುದನ್ನು ತಂದೆ. ಎರಡು ಬ್ಯಾಟರಿ.
ಮುಂದೆ ಒಂದು ತುಂಡು ಬಟರ್ ಪೇಪರ್, ರಬ್ಬರ್ ಬ್ಯಾಂಡ್.

ಲಿಂಗಸುಗೂರಿನ ಫಂಕ್ಷನ್ ಹಾಲು. ಕರೆಂಟು ಹೋಯಿತು.
ಜನರೇಟರಿನವನು ಊಟಕ್ಕೆ ಕೂತಿದ್ದ.
ಕತ್ತಲಲ್ಲಿ ಕೂಗಾಡುತ್ತ ಎಲ್ಲರೂ ಒಬ್ಬರಿಗೊಬ್ಬರು ಸಿಕ್ಕರು;
ಇಬ್ಬರು ಸಿಗಲಿಲ್ಲ. ಮೂರನೆಯ ಸಾಲಿನಲ್ಲಿ
ಮದುಮಗನ ಸೋದರತ್ತೆ ಹಂಪಮ್ಮ, ಪಕ್ಕದಲ್ಲಿ ಗಂಡ,
ಕೈಯಲ್ಲೇ ಮಾತಾಡುವವರು.
ಆ ಗಳಿಗೆಯವರೆಗೂ ಜಗಳ ನಡೆದಿತ್ತು, ನೋಡಿದ್ದೆ,
ಬಹುಶಃ ಮುಯ್ಯಿ ಎಷ್ಟು ಬರೆಸುವುದು ಅಂತ.

ಎರಡನೆಯ ಬ್ಯಾಟರಿ, ಅದೂ ಒಂದೇ ಗೀಟು.
ಅಕ್ಕಿಕಾಳು ಇನ್ನೂ ಬಾಕಿ.
ರೆಕಾರ್ಡು ನಿಲ್ಲಿಸಿ, ದೀಪವನ್ನು ಹತ್ತಕ್ಕಿಳಿಸಿ
ಅವರ ಬೆರಳುಗಳ ಮೇಲಿಟ್ಟೆ.
ಹಂಪಮ್ಮ ತಿರುಗಿ ನೋಡಲಿಲ್ಲ. ಹಣೆಗೆ ಕೈ ಒಯ್ಯಲಿಲ್ಲ.
ಕೈಗೆ ಬೇರೆ ಕೆಲಸವಿತ್ತು.
ಬಿಟ್ಟಲ್ಲಿಂದಲೇ ಜಗಳ ಮುಂದುವರಿಯಿತು.

ಕರೆಂಟು ಬಂತು.
ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು
ಎನ್ನುತ್ತಿದ್ದಳು ಅವ್ವ.
ದೊಡ್ಡದು ಮಾಡಿದೆ.