ಲೆಕ್ಕದ ಪುಸ್ತಕ, ಡಿಸೆಂಬರ್

ರುತಾಬಾ, ನಿನ್ನ ಮದುವೆಯ ಲೆಕ್ಕವನ್ನು
ನಿನ್ನಪ್ಪ ನನ್ನ ಕೈಗಿಟ್ಟ.
'ಆಪಾ, ನಿಮಗೆ ಹೊತ್ತು ಇದೆಯಲ್ಲ' ಎಂದ.
ಇದೆ. ಹತ್ತೊಂಬತ್ತು ವರ್ಷದಿಂದ ಇದೆ.

ಲಾಹೋರಿಗೆ ಮಂಜು ಕವಿದಿದೆ.
ಎದುರುಮನೆಯ ನೀರಿನ ಟ್ಯಾಂಕು
ಕಾಲಿಲ್ಲದೆ ಗಾಳಿಯಲ್ಲಿ ನಿಂತಿದೆ.
ಮ್ಯಾಂಚೆಸ್ಟರಿನ ವಿಮಾನ ಇಲ್ಲಿ ಇಳಿಯದೆ ಹೋದರೆ
ನಿನ್ನ ಮಾಮೂ ಕರಾಚಿಯಲ್ಲಿಳಿದು ರೈಲು ಹತ್ತಬೇಕು,
ಅದೂ ಇದೆ, ಪುಟ ಮೂರು.

ಢೋಲ್ಕಿಗೆ ನಮ್ಮ ಮಾಳಿಗೆ ಸಾಕು.
ಚಮಚದಿಂದ ಢೋಲಿನ ಮರಕ್ಕೆ ತಾಳ ಹಾಕುವವಳು
ಈಗ ಸಮೀನಾ ಒಬ್ಬಳೇ ಉಳಿದಿದ್ದಾಳೆ.
ಹುಡುಗಿಯರಿಗೆ ಸ್ಪೀಕರು ಬೇಕಂತೆ.
ಎರಡೂ ಇರಲಿ ಎಂದೆ.
ಕರೆಂಟು ಹೋದಾಗ ಚಮಚ.

ಮಾಯೂಂಗೆ ಅರಿಶಿನ, ಕಡಲೆಹಿಟ್ಟು, ಮಲ್ಲಿಗೆಯೆಣ್ಣೆ.
'ಮುಖಕ್ಕೆ ಬೇಡ ಫುಪ್ಪೊ, ಚರ್ಮದ ಡಾಕ್ಟರು ಬೈತಾರೆ.'
ಸರಿ, ಅಂಗೈಗಷ್ಟೇ.
ಹಳದಿ ಅಂಗೈ ಕಂಡರೂ ದಾದಿ ಅಳುತ್ತಾಳೆ,
ಅವಳಿಗೆ ಬೇಕಾದದ್ದು ಅಷ್ಟೇ.

ಮೆಹೆಂದಿಯ ದಿನ ಚೆಂಡುಹೂವು ಎಂಬತ್ತು ಕಿಲೋ,
ಮೇಲೆ ಹಾರಲು ಒಂದು ಡ್ರೋನು.
ಮಂಜಿನಲ್ಲಿ ಅದಕ್ಕೆ ಏನು ಕಾಣುತ್ತದೋ!
ಮುಂಗಡ ಕೊಟ್ಟಾಗಿದೆ, ಹಾರಲಿ.

ಬಾರಾತಿನ ಉಡುಪಿಗೆ ಮೂರು ವಾರ ಜಗಳ.
ನಿನಗೆ ಪಿಸ್ತಾ ಬಣ್ಣ, ನಿನ್ನಮ್ಮನಿಗೆ ಕೆಂಪು.
ಕೊನೆಗೆ ಇನಾಯತ್ ಮಾಸ್ಟರು
ದಾದಿಯ ಘರಾರದಿಂದ ಗೋಟಾ ಬಿಚ್ಚಿ
ನಿನ್ನ ಪಿಸ್ತಾದ ಅಂಚಿಗೆ ಹೊಲಿದ,
ಕನ್ನಡಕವನ್ನು ಹಣೆಗೇರಿಸಿ,
'ಬಟ್ಟೆ ಸಾಯುತ್ತದೆ ಬೀಬಿ, ಅಂಚು ಸಾಯುವುದಿಲ್ಲ' ಎಂದ.
ಆ ಮಾತಿಗೂ ಇನ್ನೂರು ಹೆಚ್ಚು ಕೇಳಿದ.

ಊಟಕ್ಕೆ ಒಂದೇ ಅಡುಗೆ ಎಂದು ಕಾನೂನು.
ಹತ್ತಕ್ಕೆ ದೀಪ ಆರಿಸಬೇಕು.
ಬಾರಾತು ಬರುವುದು ಒಂಬತ್ತೂವರೆಗೆ.
ಐನೂರು ಜನ ಅರ್ಧ ಗಂಟೆಯಲ್ಲಿ ತಿಂದು
ಅತ್ತು, ನಕ್ಕು, ಚಪ್ಪಲಿ ಕದ್ದು,
ಹುಡುಗಿಯನ್ನು ಕಳಿಸಿಕೊಡಬೇಕು.
ಆಗುತ್ತದೆ. ಯಾವಾಗಲೂ ಆಗಿದೆ.

ಇನ್ನು ನಿಕಾಹ್.
ಅದಕ್ಕೆ ಪುಸ್ತಕದಲ್ಲಿ ನಾಲ್ಕೇ ಸಾಲು ಬರೆದಿದ್ದರು:
ಖರ್ಜೂರ, ಬಿಳಿ ಹೂವು, ಮೌಲ್ವಿ, ಫೋಟೋದವನು.
ನಾನು ಖಾಲಿ ನಿಕಾಹ್‌ನಾಮೆ ತರಿಸಿ
ಅಡುಗೆಮನೆಯ ಬೆಳಕಿನಲ್ಲಿ ಕೂತು ಓದಿದೆ.
ಯಾರೂ ಓದದ ಕಾಗದ ಅದು.
ಹದಿನೆಂಟನೆಯ ಕಾಲಮು ಕೇಳುತ್ತದೆ:
ಬಿಡುಗಡೆಯ ಹಕ್ಕನ್ನು ಗಂಡ ಹೆಂಡತಿಗೂ ಕೊಟ್ಟಿದ್ದಾನೆಯೇ?

ನನ್ನದರಲ್ಲಿ ಅಲ್ಲೊಂದು ಓರೆಗೀಟು.
ಶುಭ ಹೊತ್ತಿನಲ್ಲಿ ಅಶುಭ ಯಾಕೆ ಎಂದು
ಯಾರೋ ಎಳೆದರು. ನಾನಾಗ
ಬಳೆಗಳ ಭಾರಕ್ಕೆ ಕೈಯೆತ್ತಲಾರದೆ
ಪಕ್ಕದ ಕೋಣೆಯಲ್ಲಿ ಕೂತಿದ್ದೆ.
ಆ ಗೀಟು ದಾಟಲು ಏಳು ವರ್ಷ ಹಿಡಿಯಿತು,
ನಾಲ್ವರು ಜಡ್ಜುಗಳು,
ಮತ್ತೆ ಆ ಬಳೆಗಳೂ.

ಮೊನ್ನೆ ಸಫ್ವಾನನಿಗೆ ಫೋನು ಮಾಡಿದೆ.
ಬಹಳ ಹೊತ್ತು ಬರೀ ಟ್ರಾಫಿಕ್ಕಿನ ಸದ್ದು.
'ನೀವು ನನ್ನನ್ನು ನಂಬುವುದಿಲ್ಲವೇ ಫುಪ್ಪೊ?'
ನಂಬುತ್ತೇನೆ ಮಗನೇ. ನಂಬಿಕೆ ಇರುವಾಗಲೇ
ಬರೆದಿಡಬೇಕು, ಆಮೇಲೆ ಶಾಯಿ ಹತ್ತುವುದಿಲ್ಲ.
'ಅಬ್ಬಾನನ್ನು ಕೇಳಿ ಹೇಳುತ್ತೇನೆ' ಎಂದ.
ಇನ್ನೂ ಹೇಳಿಲ್ಲ.

ನಿನಗೆ ಹೇಳಿದಾಗ ನೀನು
ಉಗುರಿನ ಬಣ್ಣ ಆರಿಸುವುದು ಬಿಟ್ಟು
ನನ್ನ ಬರಿಗೈ ನೋಡಿದೆ.
'ನಾನೇ ಕೇಳುತ್ತೇನೆ' ಎಂದೆ. ಅಷ್ಟೇ.
ಮತ್ತೆ ಬಣ್ಣಗಳ ಕಡೆಗೆ ತಿರುಗಿದೆ.

ನಿಕಾಹ್‌ನ ಪುಟಕ್ಕೆ ಐದನೆಯ ಸಾಲು ಸೇರಿಸಿದ್ದೇನೆ:
ಪೆನ್ನು ಎರಡು, ಅರವತ್ತು ರೂಪಾಯಿ.
ಒಂದು ನನ್ನ ಕೈಚೀಲದಲ್ಲಿ,
ಅದು ಬರೆಯದೆ ಹೋದರೆ
ಇನ್ನೊಂದು ದುಪಟ್ಟಾದ ಗಂಟಿನಲ್ಲಿ.
ನನಗೆ ಮೌಲ್ವಿಯ ಎಡಕ್ಕೆ ಕುರ್ಚಿ ಹಾಕಿಸು.

ವಲೀಮಾದ ಪುಟ ಖಾಲಿ.
ಅದು ಅವರ ಮನೆಯ ಲೆಕ್ಕ.
ಗಜ್ಜರಿಯ ಹಲ್ವಾ ಮಾಡಿಸುತ್ತಾರಂತೆ.
ತುಪ್ಪ ಹೇಗಿತ್ತೆಂದು ಬಂದು ಹೇಳು.