ದೋಣಿಗೆ ಎಂಟಾಣೆ

ನಾನು ವಾರ್ತೆ ಓದಿದವನಲ್ಲ, ಬರೆದವನೂ ಅಲ್ಲ.
ತಂತಿ ಎಳೆದವನು.
ಹಂಪನಕಟ್ಟೆಯ ಪ್ಲೈವುಡ್ ಅಂಗಡಿಯ ಮಾಳಿಗೆಯಿಂದ
ಮಾವಿನ ಕೊಂಬೆ, ಕರೆಂಟು ಕಂಬ, ಇಗರ್ಜಿಯ ಪಾಗಾರ ದಾಟಿಸಿ
ಬೋಳಾರದವರೆಗೆ
ಊರನ್ನು ಊರಿಗೇ ತೋರಿಸಿದವನು.

ರಾತ್ರಿ ಎಂಟೂವರೆಗೆ ವಾರ್ತೆ.
ಹಿಂದೆ ನೀಲಿ ಬೆಡ್‌ಶೀಟು. ಸದ್ದಾಗುತ್ತದೆಂದು ಫ್ಯಾನು ಬಂದ್.
ಮೇಜಿನ ಮೇಲಕ್ಕೆ ಹಿಲ್ಡಾಬಾಯಿಯ ಇಸ್ತ್ರಿ ಸೀರೆ,
ಮೇಜಿನ ಕೆಳಗೆ ಹವಾಯಿ ಚಪ್ಪಲಿ.
ಹಗಲು ಟೈಪಿಂಗ್ ಕಲಿಸುವ ಟೀಚರು;
ಅದಕ್ಕೇ ಏನೋ, ಅವರ ಬಾಯಲ್ಲಿ
ಒಂದಕ್ಷರ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ.
ಇದೆ, ಇರುತ್ತದೆ, ತಿಳಿಸಿದ್ದಾರೆ:
ಗಂಜಿ ಹಾಕಿದ ಕನ್ನಡ.

ಆ ಸಲ ಮಂತ್ರಿ ಬೆಂಗ್ರೆಗೆ ಬಂದರು, ಜೆಟ್ಟಿಗೆ ಶಿಲಾನ್ಯಾಸ.
ಹಾರ, ಗುದ್ದಲಿ, ಗಂಧ, ಭಾಷಣ.
ಕ್ಯಾಮೆರಾದ ಹಸನಬ್ಬ ನೀರು ಕೇಳಲು ಹಿತ್ತಿಲಿಗೆ ಹೋದವ
ಕಂಡದ್ದು, ಪೂವಕ್ಕ ಬಟ್ಟೆ ಒಗೆಯುವ ಕಲ್ಲು.
ನೊರೆ ಜಾರಿತು. ಅದರಡಿಯಲ್ಲಿ
ಅದೇ ಜೆಟ್ಟಿ, ಅದೇ ಮಂತ್ರಿ,
ಹಿಂದಿನ ಚುನಾವಣೆಯ ಇಸವಿ.
"ಅಕ್ಷರ ಉಂಟಲ್ಲ, ಕೊಳೆ ಚಂದ ಬಿಡ್ತದೆ" ಅಂದಳಂತೆ.

ಹನ್ನೊಂದು ಸೆಕೆಂಡು. ಅಷ್ಟೇ ನಾವು ತೋರಿಸಿದ್ದು.
ಬಂದರಿನ ಹೋಟೆಲುಗಳಲ್ಲಿ
ಗೋಳಿಬಜೆ ತಣಿಯುವವರೆಗೂ ಊರು ನಕ್ಕಿತು.

ಬೆಳಗಾಗುವಾಗ ಹದಿನಾಲ್ಕು ಕಡೆ ತಂತಿ ತುಂಡು.
ಕತ್ತಿಯಿಂದ ಕಡಿದದ್ದು, ಗಾಳಿಗೆ ಹರಿದದ್ದಲ್ಲ.
ಗಾಯ ನೋಡಿದರೆ ನನಗೆ ಗೊತ್ತಾಗುತ್ತದೆ.
ಬ್ಲೇಡು ಹಲ್ಲಿನಲ್ಲಿ ಕಚ್ಚಿ ಏರಿದೆ, ಇಳಿದೆ, ಏರಿದೆ.
ಕೊನೆಯ ಗಂಟು ಹಾಕುವಾಗ ಏಳೂಮುಕ್ಕಾಲು;
ಮಾಳಿಗೆಯ ಕೆಳಗೆ ಬಿಳಿ ಅಂಬಾಸಿಡರು ನಿಂತಿತ್ತು.

ಇಳಿದವನ ಕೈಯಲ್ಲಿ ಒಂದು ಹಾಳೆ.
ದನಿ ಏರಿಸಲಿಲ್ಲ ಅವ. ಸಂಪಾದಕ ಕುಡ್ವರ ಹೆಗಲಿಗೆ ಕೈ ಹಾಕಿ
ಪ್ಲೈವುಡ್ಡಿನವನ ಲೈಸೆನ್ಸು, ಕುಡ್ವರ ಮಗಳ ಟ್ರಾನ್ಸ್‌ಫರು,
ಕಂಬಗಳು ಯಾರ ಇಲಾಖೆಯವು, ಎಲ್ಲ
ಮದುವೆಮನೆಯಲ್ಲಿ ಕ್ಷೇಮ ಕೇಳುವ ಹಾಗೆ ಕೇಳಿದ.
ಕುಡ್ವರು ಕನ್ನಡಕ ಒರೆಸಿದರು. ಮತ್ತೂ ಒರೆಸಿದರು.
"ಓದಿಬಿಡಿ ಹಿಲ್ಡಾಬಾಯಿ" ಅಂದರು.

ಓದಿದರು. ಒಂದು ಕೊಂಬೂ ಬಿಡದೆ.
"ಅಂತಹ ಯಾವುದೇ ಕಲ್ಲು ಇರುವುದಿಲ್ಲವೆಂದು
ಮಾನ್ಯ ಸಚಿವರು ಸ್ಪಷ್ಟಪಡಿಸಿದ್ದಾರೆ."
ಹಾಳೆ ಮಡಚಿದರು. ಒಂದು ಗುಟುಕು ನೀರು.
ಗುಂಡಿ ಒತ್ತಲು ಹಸನಬ್ಬನ ಬೆರಳು ಮರೆತಿತ್ತು,
ಅಥವಾ ಮರೆತ ಹಾಗೆ ಮಾಡಿತು.
ಸೆರಗಿನಲ್ಲಿ ಹಣೆ ಒರೆಸಿ, ನೇರ ನೋಡಿ,
ಗಂಜಿ ಬಿಟ್ಟ ಕನ್ನಡದಲ್ಲಿ:

"ಕಲ್ಲು ಉಂಟು.
ಬೆಂಗ್ರೆಯಲ್ಲಿ, ಪೂವಕ್ಕನ ಬಾವಿಯ ಹತ್ತಿರ.
ದೋಣಿಗೆ ಎಂಟಾಣೆ. ಹೋಗಿ ನೋಡಿ."

ಮರುದಿನ ದಕ್ಕೆಯಲ್ಲಿ ಸಾಲು.
ಕೋರ್ಟಿಗೆ ಹೊರಟ ವಕೀಲರು, ಶಾಲೆ ತಪ್ಪಿಸಿದ ಮಕ್ಕಳು,
ಬುರ್ಖಾ ಎತ್ತಿ ಹಿಡಿದು ದೋಣಿ ಹತ್ತಿದ ಒಬ್ಬಳು ಅಜ್ಜಿ.
ಎರಡು ದಿನ ಒಗೆಯಲು ಬಿಡಲಿಲ್ಲವೆಂದು
ಪೂವಕ್ಕ ಎಲ್ಲರಿಗೂ ಬೈದಳು, ಎಲ್ಲರಿಗೂ ನೀರು ಕೊಟ್ಟಳು.

ಮೂರನೆಯ ರಾತ್ರಿ ಕಲ್ಲು ಹೋಯಿತು.
ಮರಳಿನಲ್ಲಿ ಒಂದು ಚೌಕ, ಅಂಚಿಗೆ ಚೂರು ಸಾಬೂನು.
ಮಳೆ ಹಿಡಿಯುವ ಮೊದಲು ನಮ್ಮ ವಾರ್ತೆಯೂ ಹೋಯಿತು.
ಮಂತ್ರಿ ಸೋಲಲಿಲ್ಲ; ಅದನ್ನೂ ಹೇಳಬೇಕು.
ಜೆಟ್ಟಿ ಆಗಲಿಲ್ಲ.

ಆಗ ಕ್ಯಾಸೆಟ್ಟಿಗೆ ಭಾರೀ ಕ್ರಯ,
ಒಂದರಲ್ಲೇ ಅಳಿಸಿ ಅಳಿಸಿ ತುಂಬುತ್ತಿದ್ದೆವು.
ಮೊನ್ನೆ ಫಳ್ನೀರಿನ ಮನೆಯೊಂದಕ್ಕೆ ಡಿಶ್ ಕೂರಿಸಲು ಹೋಗಿದ್ದೆ.
ಮೊಮ್ಮಗುವಿಗೆಂದು ಹಳೆಯ ರೋಸ್ ಹಾಕಿದ್ದರು,
ಮದುಮಗಳ ತಲೆಗೆ ತೆಂಗಿನಹಾಲು, ಸುತ್ತ ಹೆಂಗಸರ ಹಾಡು.
ಟೇಪು ಜಾರಿತು.
ಎರಡು ಸೆಕೆಂಡು, ಬೂದು ಗೆರೆಗಳ ನಡುವೆ
ನೊರೆ, ಒಂದು ಮುಷ್ಟಿ, ಕಲ್ಲಿನಲ್ಲಿ ಕೊರೆದ 'ಮಾನ್ಯ'.

"ಅದೆಂತದು?" ಮಗು ಕೇಳಿತು.
ನಾನು ಏಣಿಯ ಮೇಲಿದ್ದೆ, ಬ್ಲೇಡು ಹಲ್ಲಿನಲ್ಲಿ.
ಪರದೆಯಲ್ಲಿ ಮತ್ತೆ ಹಾಲು ಸುರಿಯತೊಡಗಿತ್ತು.